ನಿಂತದ್ದು ಚಿತ್ರವೋ, ನಗರವೋ? ‘ಸಿಟೀಸ್: ಸ್ಕೈಲೈನ್ಸ್ 2’ ಅಭಿಮಾನಿಗಳಿಗೆ ದೋಷ ಹುಡುಕುವ ಕೈಪಿಡಿ

‘ಆಟ ಕೆಟ್ಟಿದೆ, ದುಡ್ಡು ದಂಡ’ ಎಂಬ ದೂರು ನಿಜವೇ ಇರಬಹುದು. ಆದರೆ ಅದನ್ನು ಓದಿದ ಎಂಜಿನಿಯರ್‌ಗೆ ಅಂದು ಕೈಗೆತ್ತಿಕೊಳ್ಳಲು ಒಂದು ಕೆಲಸವೂ ಸಿಗುವುದಿಲ್ಲ. ನಗರ ಕಟ್ಟುವ ಆಟ ‘ಸಿಟೀಸ್: ಸ್ಕೈಲೈನ್ಸ್ 2’ 2023ರ ಅಕ್ಟೋಬರ್ 24ರಂದು ಪಿಸಿಗೆ ಬಿಡುಗಡೆಯಾದಾಗ ಇಂಥ ದೂರುಗಳ ಮಳೆಯೇ ಸುರಿಯಿತು. ಅವುಗಳ ನಡುವೆ ಕೆಲವರು ಬರೆದದ್ದು ಬೇರೆ ಜಾತಿಯದು: ಯಾವ ಸೆಟ್ಟಿಂಗ್ ಬದಲಿಸಿದರೆ ಏನಾಗುತ್ತದೆ, ಯಾವ ಅಂಕಿ ಯಾವ ಅಂಕಿಗೆ ತಾಳೆಯಾಗುವುದಿಲ್ಲ, ಯಾವ ವಸ್ತು ಪರದೆಗೆ ಬಂದೊಡನೆ ಯಂತ್ರ ಏದುಸಿರು ಬಿಡುತ್ತದೆ ಎಂಬ ವಿವರ. ಮುಂದೆ ಬಂದ ಪ್ಯಾಚ್‌ಗಳನ್ನು (ಬಿಡುಗಡೆಯ ನಂತರದ ತಿದ್ದುಪಡಿಗಳನ್ನು) ನೋಡಿದರೆ, ಹೀಗೆ ಬಿಡಿಸಿ ಹೇಳಬಹುದಾಗಿದ್ದ ದೋಷಗಳೇ ಬಿಡಿಬಿಡಿಯಾಗಿ ರಿಪೇರಿಯಾದವು.

ಈ ಆಟವನ್ನು ಉದಾಹರಣೆಗೆ ಆರಿಸಿಕೊಂಡದ್ದಕ್ಕೆ ಇನ್ನೂ ಒಂದು ಕಾರಣವಿದೆ. ಇದನ್ನು ಕಟ್ಟಿದ್ದು ಫಿನ್ಲೆಂಡಿನ ಟ್ಯಾಂಪೆರೆ ನಗರದ ಕೊಲಾಸಲ್ ಆರ್ಡರ್. ಪ್ರಕಾಶಕರು ಸ್ಟಾಕ್‌ಹೋಮ್‌ನ ಪ್ಯಾರಡಾಕ್ಸ್ ಇಂಟರ್‌ಆ್ಯಕ್ಟಿವ್. 2025ರ ನವೆಂಬರ್‌ನಲ್ಲಿ ಇಬ್ಬರೂ ಬೇರೆಯಾಗುವುದಾಗಿ ಪ್ರಕಟಿಸಿದರು. 2026ರ ಆರಂಭದಿಂದ ಆಟದ ಹೊಣೆ ಅದೇ ಟ್ಯಾಂಪೆರೆಯ ಐಸ್‌ಫ್ಲೇಕ್ ಸ್ಟುಡಿಯೋಸ್ ಕೈಗೆ. ಅಂದರೆ ಈಗ ನೀವು ಬರೆಯುವ ದೂರನ್ನು ಓದುವವರು ಆ ಕೋಡನ್ನು ಮೊದಲು ಬರೆದವರಲ್ಲ. ‘ಆ ಹಳೆಯ ಟ್ರಾಫಿಕ್ ಸಮಸ್ಯೆ ಇನ್ನೂ ಇದೆ’ ಎಂದರೆ ಯಾವುದು ಎಂದು ಅವರಿಗೆ ಹೊಳೆಯಬೇಕಾಗಿಲ್ಲ. ಕೋಡಿನ ಯಾವ ಮೂಲೆಯಲ್ಲಿ ಹುಡುಕಬೇಕು ಎಂಬಲ್ಲಿಯವರೆಗೆ ಅವರ ಕೈ ಹಿಡಿದು ಕರೆದೊಯ್ಯುವ ದೂರು ಬೇಕು.

ಈ ಬಗೆಯ ಆಟ ಕೈಕೊಡುವ ಕಡೆಗಳು ಐದು: ನಿಮ್ಮ ಯಂತ್ರ, ಚಿತ್ರ ಬಿಡಿಸುವ ಭಾಗ, ನಗರವನ್ನು ನಡೆಸುವ ಲೆಕ್ಕಾಚಾರ, ವಿನ್ಯಾಸದ ತೀರ್ಮಾನಗಳು, ಮತ್ತು ಮಾರುವಾಗ ಕೊಟ್ಟ ಮಾತು. ಒಂದೊಂದಕ್ಕೂ ಪರೀಕ್ಷೆ ಬೇರೆ, ಸರಿಪಡಿಸುವ ಕೈಯೂ ಬೇರೆ. ಐದನ್ನೂ ಒಂದೇ ಪತ್ರದಲ್ಲಿ ಕಲಸಿ ಕಳುಹಿಸಿದರೆ ಅದು ಯಾರ ಮೇಜಿನಲ್ಲೂ ನಿಲ್ಲುವುದಿಲ್ಲ.

ಮೊದಲು ಯಂತ್ರದ ಮೇಲಿನ ಅನುಮಾನ ತೀರಲಿ

ಇದು ಬೇಗ ಮುಗಿಯುವ ಕೆಲಸ. ಗ್ರಾಫಿಕ್ಸ್ ಡ್ರೈವರ್ ಹೊಸದಿರಲಿ. ಆಟಗಳನ್ನು ಮಾರುವ ಸ್ಟೀಮ್ ಮಳಿಗೆಯ ಆ್ಯಪ್‌ನಲ್ಲಿ ಆಟದ ಫೈಲ್‌ಗಳನ್ನು ಪರಿಶೀಲಿಸುವ ಆಯ್ಕೆಯನ್ನು ಒಮ್ಮೆ ಓಡಿಸಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿದೆಯೇ, ಆಟ ಓಡುತ್ತಿರುವುದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನಲ್ಲೋ ಪ್ರೊಸೆಸರ್‌ನೊಳಗಿನ ಪುಟ್ಟ ಗ್ರಾಫಿಕ್ಸ್‌ನಲ್ಲೋ ಎಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿ. ಹತ್ತು ನಿಮಿಷ ಸಲೀಸಾಗಿ ಓಡಿ ಆಮೇಲೆ ಮುಗ್ಗರಿಸಿದರೆ ಶಾಖದ ಮೇಲೆ ಅನುಮಾನಪಡಿ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಫ್ಯಾನಿನಡಿ ಇಟ್ಟ ಲ್ಯಾಪ್‌ಟಾಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಂಡರೆ ಅದಕ್ಕೆ ಫಿನ್ಲೆಂಡಿನವರು ಏನೂ ಮಾಡುವಂತಿಲ್ಲ.

ನಿಗದಿತ ಅಂತರದಲ್ಲಿ, ಗಡಿಯಾರ ನೋಡಿದಂತೆ, ಒಂದೊಂದು ಸಲ ಆಟ ಗಕ್ಕನೆ ನಿಂತು ಮುಂದೆ ಹೋಗುತ್ತಿದ್ದರೆ ಆಟೊಸೇವ್ (ತಾನಾಗಿ ಉಳಿಸುವ ವ್ಯವಸ್ಥೆ) ಆಫ್ ಮಾಡಿ ನೋಡಿ. ದೊಡ್ಡ ನಗರವನ್ನು ಉಳಿಸಲು ಸಮಯ ಬೇಕು. ಅದು ದೋಷವೇ ಆದರೂ ಬೇರೆ ದೋಷ, ಬೇರೆ ದೂರು.

ಯಂತ್ರದ ವಿವರವನ್ನು ಕೈಯಿಂದ ಬರೆಯುವ ತೊಂದರೆ ಬೇಡ. ವಿಂಡೋಸ್‌ನ ‘ಡಿಎಕ್ಸ್‌ಡಯಾಗ್’ ಒಂದು ಪಠ್ಯ ಫೈಲ್ ಕೊಡುತ್ತದೆ, ಅದನ್ನೇ ಲಗತ್ತಿಸಿ.

ಲಕ್ಷಣ: ಕ್ಯಾಮೆರಾ ತಿರುಗಿಸಿದರೆ ಚಿತ್ರ ತೊದಲುತ್ತದೆ

ಇಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಪರೀಕ್ಷೆಗೆ ಯಾವ ಸಾಫ್ಟ್‌ವೇರೂ ಬೇಕಿಲ್ಲ. ಆಟವನ್ನು ಪಾಜ್ ಮಾಡಿ, ಅಂದರೆ ತಡೆದು ನಿಲ್ಲಿಸಿ. ನಗರ ನಿಲ್ಲುತ್ತದೆ, ಕಾರುಗಳು ನಿಲ್ಲುತ್ತವೆ, ಲೆಕ್ಕಾಚಾರ ಬಹುತೇಕ ನಿಲ್ಲುತ್ತದೆ. ಚಿತ್ರ ಬಿಡಿಸುವ ಕೆಲಸ ಮಾತ್ರ ನಡೆದೇ ಇರುತ್ತದೆ. ಈಗ ಕ್ಯಾಮೆರಾ ತಿರುಗಿಸಿ. ತೊದಲು ಹಾಗೇ ಉಳಿದರೆ ದೋಷ ಚಿತ್ರದಲ್ಲಿದೆ. ಪಾಜ್ ಮಾಡಿದೊಡನೆ ಹೋದರೆ ಮುಂದಿನ ಭಾಗಕ್ಕೆ ಹೋಗಿ.

ಚಿತ್ರದ್ದೇ ಎಂದಾದರೆ ಎರಡನೆಯ ಪರೀಕ್ಷೆ ರೆಸೊಲ್ಯೂಶನ್‌ನದು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿದ್ದರೆ 1080ಪಿಯಲ್ಲಿ 20.7 ಲಕ್ಷ, 720ಪಿಯಲ್ಲಿ 9.2 ಲಕ್ಷ. ರೆಸೊಲ್ಯೂಶನ್ ಇಳಿಸಿದಂತೆಲ್ಲ ಫ್ರೇಮ್ ದರ (ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆ) ಏರಿದರೆ ಹೊರೆ ಬಿದ್ದಿರುವುದು ಪಿಕ್ಸೆಲ್‌ಗಳ ಮೇಲೆ: ಬೆಳಕು, ಮಂಜು, ಮಸುಕು, ಪ್ರತಿಫಲನ. ಇಳಿಸಿದರೂ ದರ ಅಲುಗಾಡದಿದ್ದರೆ ಹೊರೆ ಬೇರೆಡೆ ಇದೆ: ವಸ್ತುಗಳ ಸಂಖ್ಯೆಯಲ್ಲಿ, ಅವುಗಳ ಆಕಾರದ ಜಟಿಲತೆಯಲ್ಲಿ, ಅಥವಾ ಪ್ರೊಸೆಸರ್‌ನಲ್ಲಿ. ಪರೀಕ್ಷೆಗೆ ಮುಂಚೆ ಸೆಟ್ಟಿಂಗ್‌ಗಳಲ್ಲಿ ಡೈನಾಮಿಕ್ ರೆಸೊಲ್ಯೂಶನ್ ಮತ್ತು ವಿ-ಸಿಂಕ್ ಎರಡನ್ನೂ ಆಫ್ ಮಾಡಲೇಬೇಕು. ಮೊದಲನೆಯದು ನಿಮಗೆ ಗೊತ್ತಿಲ್ಲದಂತೆ ಒಳಗೊಳಗೇ ರೆಸೊಲ್ಯೂಶನ್ ಇಳಿಸುತ್ತಿರುತ್ತದೆ, ಎರಡನೆಯದು ದರಕ್ಕೆ ಮಿತಿ ಹಾಕಿರುತ್ತದೆ. ಅವು ಚಾಲೂ ಇದ್ದರೆ ನೀವು ಅಳೆದದ್ದೆಲ್ಲ ವ್ಯರ್ಥ. ‘ಚಿತ್ರ ಮಂಜುಮಂಜಾಗಿದೆ’ ಎಂಬ ದೂರಿಗೂ ಎಷ್ಟೋ ಸಲ ಕಾರಣ ಇದೇ ಡೈನಾಮಿಕ್ ರೆಸೊಲ್ಯೂಶನ್.

ಮೂರನೆಯದು, ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಆಫ್ ಮಾಡುವುದು. ಬಿಡುಗಡೆಯ ಹೊತ್ತಿನಲ್ಲಿ ತಯಾರಕರೇ ಕೊಟ್ಟ ಸಲಹೆ ಹೀಗಿತ್ತು: ರೆಸೊಲ್ಯೂಶನ್ 1080ಪಿಗೆ ಇಳಿಸಿ, ಡೆಪ್ತ್ ಆಫ್ ಫೀಲ್ಡ್ (ದೂರದ ಮಸುಕು), ವಾಲ್ಯೂಮೆಟ್ರಿಕ್ಸ್ (ಮಂಜು, ಮೋಡ), ಗ್ಲೋಬಲ್ ಇಲ್ಯುಮಿನೇಶನ್ (ಚದುರಿದ ಬೆಳಕು), ಮೋಷನ್ ಬ್ಲರ್ (ಚಲನೆಯ ಮಸುಕು) ತೆಗೆಯಿರಿ ಅಥವಾ ಇಳಿಸಿ. ನಾಲ್ಕನ್ನೂ ಒಟ್ಟಿಗೆ ತೆಗೆದರೆ ಆಟವಾಡಲು ಅನುಕೂಲ, ದೂರು ಬರೆಯಲು ಅನನುಕೂಲ. ಯಾವುದರಿಂದ ಎಷ್ಟು ಸುಧಾರಿಸಿತು ಎಂಬುದೇ ಅವರಿಗೆ ಬೇಕಾದ ಮಾಹಿತಿ.

ಅಳತೆಯನ್ನು ಫ್ರೇಮ್ ದರದಲ್ಲಿ ಹೇಳುವ ಬದಲು ಒಂದು ಫ್ರೇಮಿಗೆ ಹಿಡಿದ ಮಿಲಿಸೆಕೆಂಡ್‌ಗಳಲ್ಲಿ ಹೇಳುವ ರೂಢಿ ಮಾಡಿಕೊಳ್ಳಿ. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದಕ್ಕೆ 33.3 ಮಿಲಿಸೆಕೆಂಡ್, 60 ಎಂದರೆ 16.7. ‘20ರಿಂದ 25ಕ್ಕೆ ಏರಿತು’ ಎಂಬುದೂ ‘100ರಿಂದ 105ಕ್ಕೆ ಏರಿತು’ ಎಂಬುದೂ ಕಿವಿಗೆ ಒಂದೇ ತೆರ. ಮೊದಲನೆಯದರಲ್ಲಿ ಉಳಿದದ್ದು 10 ಮಿಲಿಸೆಕೆಂಡ್. ಎರಡನೆಯದರಲ್ಲಿ ಅರ್ಧ ಮಿಲಿಸೆಕೆಂಡೂ ಇಲ್ಲ. ತಯಾರಕರು ತಮ್ಮ ಗುರಿ 30 ಫ್ರೇಮ್ ಎಂದೇ ಹೇಳಿದ್ದರು. ನಗರ ಕಟ್ಟುವ ಆಟದಲ್ಲಿ ಅದಕ್ಕಿಂತ ಹೆಚ್ಚಿನ ದರಕ್ಕಿಂತ ತೊದಲಿಲ್ಲದಿರುವುದು ಮುಖ್ಯ ಎಂಬುದು ಅವರ ವಾದ. ವಾದದ ಎರಡನೆಯ ಅರ್ಧ ನನಗೆ ಒಪ್ಪಿಗೆ. ಆದರೆ ಆರ್‌ಟಿಎಕ್ಸ್ 3080ರಂಥ ಬಲವಾದ ಗ್ರಾಫಿಕ್ಸ್ ಕಾರ್ಡನ್ನು ಶಿಫಾರಸಿನಲ್ಲಿ ಬರೆದ ಮೇಲೆ ಕೊಂಡವರು 30ಕ್ಕೆ ತೃಪ್ತಿಪಡಬೇಕು ಎಂದು ನಿರೀಕ್ಷಿಸುವುದು ಸ್ವಲ್ಪ ಹೆಚ್ಚಾಯಿತು.

ಈಗ ಹಲ್ಲುಗಳ ವಿಷಯ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆಟ ಒಂದು ಫ್ರೇಮನ್ನು ಹೇಗೆ ಬಿಡಿಸುತ್ತದೆ ಎಂದು ಕೆಲವರು ಡೀಬಗ್ ಸಾಧನ ಹಾಕಿ ಹಂತಹಂತವಾಗಿ ತೆರೆದು ನೋಡಿದರು. ಮೇಲಿನಿಂದ ನೋಡಿದರೆ ಸಾಸಿವೆ ಕಾಳಿನಷ್ಟು ಕಾಣುವ ನಾಗರಿಕನ ಬಾಯಿಯೊಳಗೆ ಹಲ್ಲಿನ ಸಾಲು ಪೂರ್ತಿ ಮೂರು ಆಯಾಮದಲ್ಲಿ ಕಡೆದಿಟ್ಟಿತ್ತು. ಅವನು ಬಾಯಿ ತೆರೆಯುವ ಸಂದರ್ಭವೇ ಆಟದಲ್ಲಿಲ್ಲ. ಇದು ನಗೆಪಾಟಲಾಗಿ ಎಲ್ಲೆಡೆ ಹರಡಿತು. ಸ್ಟುಡಿಯೋ ಕೊಟ್ಟ ಉತ್ತರ ಗಮನಿಸುವಂಥದ್ದು: ಪಾತ್ರಗಳಿಗೆ ಎಲ್‌ಒಡಿ ಇನ್ನೂ ಇಲ್ಲ, ಅದು ವೇಗದ ಮೇಲೆ ಒಂದಿಷ್ಟು ಪರಿಣಾಮ ಬೀರುತ್ತಿದೆ ಎಂದು ಅವರು ಒಪ್ಪಿಕೊಂಡರು. ಎಲ್‌ಒಡಿ ಎಂದರೆ ಒಂದೇ ವಸ್ತುವಿಗೆ ಹತ್ತಿರಕ್ಕೊಂದು ಸೂಕ್ಷ್ಮ ಮಾದರಿ, ದೂರಕ್ಕೊಂದು ಒರಟು ಮಾದರಿ ಇಟ್ಟುಕೊಳ್ಳುವುದು. ದೂರದ ಮಾದರಿ ಇಲ್ಲದಿದ್ದರೆ ಎರಡು ಪಿಕ್ಸೆಲ್ ಗಾತ್ರದ ಮನುಷ್ಯನಿಗೂ ಯಂತ್ರ ಹಲ್ಲು ಎಣಿಸಲೇಬೇಕು.

ಹಲ್ಲು ಪ್ರಸಿದ್ಧವಾಯಿತು, ಆದರೆ ಕಾಯಿಲೆ ಹಲ್ಲಿನದಲ್ಲ. ಅದೇ ವಿಶ್ಲೇಷಣೆ ತೋರಿಸಿದ ದೊಡ್ಡ ವಿಷಯ, ಮರದ ದಿಮ್ಮಿಗಳ ರಾಶಿಯಂಥ ಅಲಂಕಾರದ ವಸ್ತುಗಳೂ ಇದೇ ರೀತಿ ಸೂಕ್ಷ್ಮವಾಗಿದ್ದವು, ಕಟ್ಟಡದ ಹಿಂದೆ ಮರೆಯಾದದ್ದನ್ನು ಬಿಟ್ಟುಬಿಡುವ ವ್ಯವಸ್ಥೆಯೂ ಸಮರ್ಪಕವಾಗಿರಲಿಲ್ಲ, ನೆರಳಿಗಾಗಿ ಇದೆಲ್ಲವನ್ನೂ ಮತ್ತೆ ಬಿಡಿಸಬೇಕಾಗುತ್ತಿತ್ತು ಎಂಬುದು. ಗೇಲಿ ಮಾಡಿದವರು ಹಲ್ಲನ್ನಷ್ಟೇ ನೆನಪಿಟ್ಟರು. ನೀವು ಬರೆಯುವಾಗ ‘ಹಲ್ಲು’ ಎಂದು ಬರೆಯಬೇಡಿ. ಯಾವ ಬಗೆಯ ವಸ್ತುಗಳು ಪರದೆಯಲ್ಲಿದ್ದಾಗ ಎಷ್ಟು ಮಿಲಿಸೆಕೆಂಡ್ ಏರುತ್ತದೆ ಎಂದು ಬರೆಯಿರಿ. ಖಾಲಿ ಬಯಲಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಅಳೆಯಿರಿ, ಆಮೇಲೆ ಅದೇ ಎತ್ತರದಿಂದ ನಗರದ ನಡುವೆ, ಆಮೇಲೆ ಕೈಗಾರಿಕಾ ವಲಯದ ಮೇಲೆ. ಹಗಲೂ ರಾತ್ರಿಯೂ ನೋಡಿ. ಮೂರು ಜಾಗಗಳ ಅಂತರವೇ ಅರ್ಧ ರೋಗನಿದಾನ.

ಲಕ್ಷಣ: ಕ್ಯಾಮೆರಾ ನಯವಾಗಿದೆ, ನಗರ ತೆವಳುತ್ತಿದೆ

ಇದನ್ನು ಮೇಲಿನದರೊಂದಿಗೆ ಬೆರೆಸುವವರೇ ಹೆಚ್ಚು. ಎರಡಕ್ಕೂ ‘ಲ್ಯಾಗ್’ ಎಂದೇ ಹೆಸರು. ಜನಸಂಖ್ಯೆ ಏರಿದಂತೆ ಆಟದೊಳಗಿನ ಗಡಿಯಾರ ನಿಧಾನವಾಗುತ್ತದೆ. ವೇಗದ ಗುಂಡಿಯನ್ನು ಮೂರನೆಯದಕ್ಕೆ ಒತ್ತಿದರೂ ಮೊದಲನೆಯದಕ್ಕೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಚಿತ್ರ ಚೆನ್ನಾಗಿಯೇ ಬರುತ್ತಿರುತ್ತದೆ. ಇದು ಗ್ರಾಫಿಕ್ಸ್ ಕಾರ್ಡಿನ ದೋಷವಲ್ಲ. ಹೊಸ ಕಾರ್ಡ್ ಕೊಂಡರೆ ದುಡ್ಡು ಹೋಗುವುದೇ ಹೊರತು ನಗರ ಎದ್ದು ಓಡುವುದಿಲ್ಲ.

ಮೊದಲ ‘ಸಿಟೀಸ್: ಸ್ಕೈಲೈನ್ಸ್’ (2015) ಇದಕ್ಕೊಂದು ಒರಟು ಪರಿಹಾರ ಕಂಡುಕೊಂಡಿತ್ತು: ಓಡಾಡುವ ವಾಹನಗಳಿಗೆ 16,384, ಬೀದಿಯಲ್ಲಿ ಕಾಣುವ ಜನರಿಗೆ 65,536 ಎಂದು ಮಿತಿ. ಮಿತಿ ತುಂಬಿದರೆ ಹೊಸ ಲಾರಿ ಹೊರಡುವುದೇ ಇಲ್ಲ. ಎರಡನೆಯ ಭಾಗ ಇಂಥ ಗಡಿಯನ್ನು ತೆಗೆದುಹಾಕಿತು, ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನು ಬಳಸಿಕೊಳ್ಳುವ ಹಾಗೆ ಒಳಗಿನ ರಚನೆಯನ್ನೂ ಬದಲಿಸಿತು. ಪರಿಣಾಮವಾಗಿ ಗೋಡೆ ಹೋಗಿ ಇಳಿಜಾರು ಬಂತು. ಎಲ್ಲಿ ಜಾರಲು ಶುರುವಾಗುತ್ತದೆ ಎಂಬುದು ನಿಮ್ಮ ಪ್ರೊಸೆಸರ್‌ನ ಮೇಲೆ ನಿಂತಿದೆ.

ಪರೀಕ್ಷೆ ಸುಲಭ. ಕೈಗಡಿಯಾರ ಹಿಡಿದು ಆಟದೊಳಗಿನ ಒಂದು ಗಂಟೆ ಎಷ್ಟು ನಿಜ ಸೆಕೆಂಡ್‌ಗಳಲ್ಲಿ ಕಳೆಯುತ್ತದೆ ಎಂದು ಅಳೆಯಿರಿ. ಹೊಸ ಪುಟ್ಟ ನಗರದಲ್ಲಿ ಒಮ್ಮೆ, ದೊಡ್ಡ ನಗರದಲ್ಲಿ ಒಮ್ಮೆ, ಎರಡೂ ಒಂದೇ ವೇಗದ ಗುಂಡಿಯಲ್ಲಿ. ಎರಡೂ ನಗರಗಳ ಜನಸಂಖ್ಯೆಯನ್ನೂ ಪ್ರೊಸೆಸರ್‌ನ ಹೆಸರನ್ನೂ ಜೊತೆಗೆ ಬರೆಯಿರಿ. ಅಷ್ಟೇ. ಇಷ್ಟು ಬರೆದವರು ಎಷ್ಟು ವಿರಳ ಎಂದರೆ ನಿಮ್ಮ ದೂರು ತಾನಾಗಿಯೇ ಮೇಲೆ ಬರುತ್ತದೆ.

ಲಕ್ಷಣ: ನಗರದ ಲೆಕ್ಕ ನಂಬಲಾಗುವುದಿಲ್ಲ

ನನ್ನ ಮಟ್ಟಿಗೆ ಈ ಆಟದ ನಿಜವಾದ ನಿರಾಸೆ ಇದು. ಚಿತ್ರದ ತೊದಲು ಕಣ್ಣಿಗೆ ಬಿದ್ದಿದ್ದರಿಂದ ಗದ್ದಲ ಅದರ ಸುತ್ತ ನಡೆಯಿತು. ಆದರೆ ನಗರ ಕಟ್ಟುವ ಆಟದಲ್ಲಿ ನಾವು ಆಡುವುದು ಕಾರಣ–ಪರಿಣಾಮಗಳೊಂದಿಗೆ. ತೆರಿಗೆ ಏರಿಸಿದರೆ ಏನೋ ಆಗಬೇಕು, ತಪ್ಪು ಮಾಡಿದರೆ ಪೆಟ್ಟು ಬೀಳಬೇಕು. ಬಿಡುಗಡೆಯ ಆವೃತ್ತಿಯಲ್ಲಿ ಎಷ್ಟು ಕೆಟ್ಟದಾಗಿ ಆಡಳಿತ ನಡೆಸಿದರೂ ದಿವಾಳಿಯಾಗುವುದು ಕಷ್ಟವಿತ್ತು. ಬಜೆಟ್ ಪಟ್ಟಿಯ ಆದಾಯದ ಭಾಗದಲ್ಲಿ ‘ಸರ್ಕಾರಿ ಸಹಾಯಧನ’ ಎಂಬ ಸಾಲೊಂದು ಕೂತಿತ್ತು. ಕೊರತೆ ಬೆಳೆದ ಹಾಗೆ ಅದೂ ಬೆಳೆದು ಹಳ್ಳ ತುಂಬಿಕೊಡುತ್ತಿತ್ತು. ಮೇಲಾಗಿ ಪ್ರತಿ ಮೈಲಿಗಲ್ಲು ದಾಟಿದಾಗ ಒಂದು ಗಂಟು ಹಣ ಬಹುಮಾನ.

ಇಂಥದ್ದನ್ನು ಕಂಡುಹಿಡಿಯುವ ದಾರಿ ಒಂದೇ: ಬೇಕೆಂದೇ ನಗರವನ್ನು ಕೆಡಿಸುವುದು. ನಗರದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ. ಒಂದು ಮೈಲಿಗಲ್ಲು ಆಗಷ್ಟೇ ದಾಟಿರುವ ನಗರವನ್ನೇ ಆರಿಸಿ. ಮುಂದಿನ ಬಹುಮಾನ ನಡುವೆ ಬಂದು ಲೆಕ್ಕ ಕೆಡಿಸಬಾರದು. ತೆರಿಗೆ ಇಳಿಸಿ, ಬೇಡದ ಆಸ್ಪತ್ರೆ, ಕಾಲೇಜುಗಳನ್ನು ಸಾಲಾಗಿ ನಿಲ್ಲಿಸಿ. ಬಜೆಟ್ ಪಟ್ಟಿಯ ಪ್ರತಿ ಸಾಲನ್ನೂ ಮೊದಲೊಮ್ಮೆ, ಆಟದೊಳಗಿನ ಕೆಲ ಕಾಲದ ನಂತರ ಮತ್ತೊಮ್ಮೆ ಸ್ಕ್ರೀನ್‌ಶಾಟ್ ತೆಗೆಯಿರಿ. ನೀವು ಮುಟ್ಟದ ಯಾವ ಸಾಲು ತಾನಾಗಿ ಏರಿತೋ ಅಲ್ಲೇ ಬೆರಳಿಡಿ. 2024ರ ಜೂನ್‌ನಲ್ಲಿ ‘ಎಕಾನಮಿ 2.0’ ಎಂಬ ಪ್ಯಾಚ್ ಬಂದಾಗ ಮೊದಲು ಹೋದವುಗಳಲ್ಲಿ ಈ ಸಹಾಯಧನದ ಸಾಲೂ ಒಂದು.

ಬಾಡಿಗೆಯ ಕಥೆ ಇನ್ನೂ ಸೊಗಸು. ಕಟ್ಟಡಗಳ ಮೇಲೆಲ್ಲ ‘ಬಾಡಿಗೆ ಹೆಚ್ಚಾಯಿತು’ ಎಂಬ ಚಿಹ್ನೆ ತೇಲುತ್ತಿತ್ತು. ಆಟಗಾರರು ತೆರಿಗೆ ಇಳಿಸಿದರು, ಉದ್ಯಾನ ಕಟ್ಟಿದರು, ಕೆಡವಿ ಮತ್ತೆ ಕಟ್ಟಿದರು. ಚಿಹ್ನೆ ಹೋಗಲಿಲ್ಲ. ಅದೇ ಪ್ಯಾಚ್‌ನ ವಿವರಣೆಯಲ್ಲಿ ಒಳಗಿನ ಯಂತ್ರ ಕೊಂಚ ಬಯಲಾಯಿತು: ಲೆಕ್ಕದಲ್ಲಿ ಕಣ್ಣಿಗೆ ಕಾಣದ ಒಬ್ಬ ಮನೆಮಾಲೀಕನಿದ್ದ. ಅವನನ್ನು ತೆಗೆದುಹಾಕಿ, ಕಟ್ಟಡದ ನಿರ್ವಹಣಾ ವೆಚ್ಚವನ್ನು ಎಲ್ಲ ಬಾಡಿಗೆದಾರರಿಗೂ ಸಮನಾಗಿ ಹಂಚಲಾಯಿತು. ಬಾಡಿಗೆ ಲೆಕ್ಕ ಹಾಕುವ ಸೂತ್ರವೂ ಬದಲಾಯಿತು. ಕೈ ಬಿಗಿಯಾದ ಕುಟುಂಬ ಮೊದಲು ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ, ಆಮೇಲಷ್ಟೇ ದೂರುತ್ತದೆ ಎಂಬ ನಿಯಮ ಬಂತು. ಬೆಂಗಳೂರಿನಲ್ಲಿ ಬಾಡಿಗೆಗೆ ಇರುವ ಯಾರನ್ನು ಕೇಳಿದ್ದರೂ ಈ ಕೊನೆಯ ನಿಯಮವನ್ನು ಮೊದಲ ದಿನವೇ ಹೇಳುತ್ತಿದ್ದರು.

ಇದರಿಂದ ದೂರು ಬರೆಯುವವರಿಗೆ ಸಿಗುವ ಸೂಚನೆ ಸ್ಪಷ್ಟ. ‘ಬಾಡಿಗೆ ವ್ಯವಸ್ಥೆ ಸರಿಯಿಲ್ಲ’ ಎನ್ನುವ ಬದಲು ಒಂದೇ ಒಂದು ಕಟ್ಟಡವನ್ನು ಹಿಡಿದು ಕೂರಿ. ಅದರ ಹೆಸರು, ಮಟ್ಟ, ಎಷ್ಟು ಮನೆಗಳು, ಭೂಮಿಯ ಬೆಲೆ ಎಷ್ಟು, ಒಳಗಿನವರ ಶಿಕ್ಷಣ ಮತ್ತು ಉದ್ಯೋಗ ಏನು, ಚಿಹ್ನೆ ಯಾವಾಗ ಬಂತು, ನೀವು ಏನು ಬದಲಿಸಿದ ಮೇಲೂ ಹೋಗಲಿಲ್ಲ. ಒಂದು ಕಟ್ಟಡದ ಪೂರ್ತಿ ಕಥೆ ಇಡೀ ನಗರದ ಅರ್ಧಂಬರ್ಧ ಕಥೆಗಿಂತ ಮೇಲು.

ಆಟಗಾರರು ಹೀಗೆ ಲೆಕ್ಕ ಹಿಡಿದದ್ದು ಇದೇ ಮೊದಲಲ್ಲ. 2013ರ ಮಾರ್ಚ್ 5ರಂದು ಮ್ಯಾಕ್ಸಿಸ್ ಸ್ಟುಡಿಯೋದ ‘ಸಿಮ್‌ಸಿಟಿ’ ಬಂದಾಗ ಅದು ಸದಾ ಇಂಟರ್‌ನೆಟ್ ಬೇಡುತ್ತಿತ್ತು, ಸರ್ವರ್‌ಗಳು ಕುಸಿದು ಬಿದ್ದವು. ಲೆಕ್ಕಾಚಾರದ ಗಣನೀಯ ಭಾಗ ಸರ್ವರ್‌ನಲ್ಲಿ ನಡೆಯುತ್ತದೆ, ಹಾಗಾಗಿ ಸಂಪರ್ಕ ಬೇಕೇ ಬೇಕು ಎಂದು ಕಂಪನಿ ಹೇಳಿತು. ಆಟಗಾರರು ಮಾಡಿದ ಪರೀಕ್ಷೆ ತೀರಾ ಸರಳ: ಆಟದ ನಡುವೆ ಸಂಪರ್ಕ ಕಡಿದು ನೋಡಿದರು, ನಗರ ಒಂದಷ್ಟು ಹೊತ್ತು ತನ್ನ ಪಾಡಿಗೆ ನಡೆಯಿತು. ಇನ್ನು ಕೆಲವರು ಜನಸಂಖ್ಯೆಯನ್ನೂ ಉದ್ಯೋಗಿಗಳ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದರು, ಹೊಂದಲಿಲ್ಲ. ಆಟದ ಫೈಲ್‌ಗಳಲ್ಲಿ ಕೆದಕಿದಾಗ ಪರದೆಯ ಮೇಲೆ ತೋರಿಸುವ ಜನಸಂಖ್ಯೆಯನ್ನು ಉಬ್ಬಿಸುವ ಒಂದು ಫಂಕ್ಷನ್ ಸಿಕ್ಕಿತು. ಅದರ ಹೆಸರಿನಲ್ಲೇ ‘ಫಜ್ಡ್ ಪಾಪ್ಯುಲೇಶನ್’ ಎಂದಿತ್ತು. ಹೆಸರಿಟ್ಟ ಪ್ರೋಗ್ರಾಮರ್‌ನ ಪ್ರಾಮಾಣಿಕತೆ ಮೆಚ್ಚತಕ್ಕದ್ದು. 2014ರ ಮಾರ್ಚ್‌ನಲ್ಲಿ ಇಂಟರ್‌ನೆಟ್ ಇಲ್ಲದೆ ಆಡುವ ಅವಕಾಶ ಬಂತು. ಆ ಆಟವನ್ನು ಕಟ್ಟಿದ ಎಮರಿವಿಲ್ ಸ್ಟುಡಿಯೋ 2015ರ ಮಾರ್ಚ್ ಮೊದಲ ವಾರದಲ್ಲಿ ಮುಚ್ಚಿತು, ಅದೇ ಮಾರ್ಚ್ 10ರಂದು ಮೊದಲ ‘ಸಿಟೀಸ್: ಸ್ಕೈಲೈನ್ಸ್’ ಮಾರುಕಟ್ಟೆಗೆ ಬಂತು. ಅದರ ಗೆಲುವಿನಲ್ಲಿ ಸಿಮ್‌ಸಿಟಿಯಿಂದ ಮುನಿಸಿಕೊಂಡು ಬಂದವರ ಪಾಲು ಸಣ್ಣದಲ್ಲ. ಆ ನೆನಪು ಇದ್ದುದರಿಂದಲೇ 2023ರ ನಿರಾಸೆ ಇಷ್ಟು ಕಹಿಯಾಯಿತು ಎಂದು ನನ್ನ ಅನಿಸಿಕೆ.

ದೋಷವೋ, ಬೇಕೆಂದೇ ಹಾಗೆ ಮಾಡಿದ್ದೋ?

ಟ್ರಾಫಿಕ್ ಕುರಿತು ಬರೆಯುವ ಮುಂಚೆ ಇದನ್ನು ತೀರ್ಮಾನಿಸಿಕೊಳ್ಳಬೇಕು. ಎರಡನೆಯ ಭಾಗದಲ್ಲಿ ಪ್ರತಿ ಪ್ರಯಾಣದ ದಾರಿಯನ್ನೂ ನಾಲ್ಕು ಬಗೆಯ ವೆಚ್ಚ ಕೂಡಿಸಿ ಆರಿಸಲಾಗುತ್ತದೆ: ಸಮಯ, ಆರಾಮ, ಹಣ, ನಡವಳಿಕೆ. ಹದಿಹರೆಯದವರಿಗೆ ಹಣ ಉಳಿಸುವುದು ಮುಖ್ಯ, ವಯಸ್ಕರಿಗೆ ಸಮಯ, ವೃದ್ಧರಿಗೆ ಆರಾಮ. ಹಾಗಾಗಿ ಒಬ್ಬ ಅಜ್ಜ ಹತ್ತಿರದ ದಾರಿ ಬಿಟ್ಟು ಸುತ್ತು ಹಾಕಿ ಹೋದರೆ ಅದು ತಪ್ಪಲ್ಲ. ನಡುರಸ್ತೆಯಲ್ಲಿ ಕಾರು ಗಕ್ಕನೆ ಹಿಂದಕ್ಕೆ ತಿರುಗಿದರೂ, ಅದು ‘ನಡವಳಿಕೆ’ಯ ವೆಚ್ಚ ತೆತ್ತು ಮಾಡಿದ ಅಪಾಯದ ಆಯ್ಕೆ ಇರಬಹುದು. ಅಂಥದ್ದು ಒಮ್ಮೊಮ್ಮೆ ನಡೆದರೆ ವಿನ್ಯಾಸ, ಪ್ರತಿ ಕಾರೂ ಅದೇ ಜಾಗದಲ್ಲಿ ಮಾಡಿದರೆ ದೋಷ ಅಥವಾ ನಿಮ್ಮ ರಸ್ತೆಯ ಕೆಲಸ. ಯಾವುದೆಂದು ತಿಳಿಯಲು ಅದೇ ಆಕಾರದ ಜಂಕ್ಷನ್ನನ್ನು ಖಾಲಿ ನಕಾಶೆಯಲ್ಲಿ ಕಟ್ಟಿ ನೋಡಿ.

ಮೊದಲ ಭಾಗ ಆಡಿದವರಿಗೆ ‘ಸಾವಿನ ಅಲೆ’ ನೆನಪಿರುತ್ತದೆ. ದೊಡ್ಡ ಬಡಾವಣೆಯನ್ನು ಒಂದೇ ಏಟಿಗೆ ವಸತಿಗೆ ಬಿಟ್ಟರೆ ಹೆಚ್ಚುಕಡಿಮೆ ಒಂದೇ ವಯಸ್ಸಿನವರು ಒಟ್ಟಿಗೆ ಬಂದು ನೆಲೆಸುತ್ತಿದ್ದರು, ಮುಂದೊಂದು ದಿನ ಒಟ್ಟಿಗೇ ಸಾಯುತ್ತಿದ್ದರು. ಶವವಾಹನಗಳಿಂದ ರಸ್ತೆ ಕಟ್ಟಿಕೊಂಡು ಊರೇ ಸ್ತಬ್ಧ. ಕೋಡಿನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಆದರೂ ಅದನ್ನು ತಿಳಿಸುವುದು ಯೋಗ್ಯವೇ. ದೂರಿನ ತಲೆಬರಹದಲ್ಲಿ ‘ಬಗ್’ ಎಂದು ಬರೆಯದೆ ‘ಈ ನಿಯಮದಿಂದ ಈ ವಿಚಿತ್ರ ಫಲ ಬರುತ್ತಿದೆ’ ಎಂದು ಬರೆಯಬೇಕು, ಅಷ್ಟೇ. ಅದು ಹೋಗಬೇಕಾದದ್ದು ಪ್ರೋಗ್ರಾಮರ್ ಬಳಿಗಲ್ಲ, ವಿನ್ಯಾಸಕರ ಬಳಿಗೆ.

ಇಲ್ಲದ್ದನ್ನು ಕೇಳುವುದು ಇನ್ನೊಂದು ಬಗೆ. ಬಿಡುಗಡೆಯ ಆಟದಲ್ಲಿ ಸೈಕಲ್ಲೇ ಇರಲಿಲ್ಲ. ಅದು ಬೇಡಿಕೆ, ದೋಷವಲ್ಲ. ಬೇಡಿಕೆಗಳ ಪಟ್ಟಿಗೇ ಕಳುಹಿಸಿ.

ಮಾಡ್ ಹಾಕಿದ್ದರೆ

ಮೊದಲ ಭಾಗದ ಮಾಡ್‌ಗಳು (ಆಟಗಾರರೇ ಬರೆದು ಆಟಕ್ಕೆ ಸೇರಿಸುವ ಬದಲಾವಣೆಗಳು) ಸ್ಟೀಮ್ ವರ್ಕ್‌ಶಾಪ್‌ನಲ್ಲಿದ್ದವು. ಎರಡನೆಯದಕ್ಕೆ ಪ್ಯಾರಡಾಕ್ಸ್ ಮಾಡ್ಸ್ ಎಂಬ ಸ್ವಂತ ವೇದಿಕೆ, ಅದು 2024ರ ಮಾರ್ಚ್‌ನಲ್ಲಿ ತೆರೆಯಿತು. ಕೋಡ್ ಮಾಡ್ ಇರುವ ಆಟದಿಂದ ಬಂದ ದೂರನ್ನು ಯಾವ ಸ್ಟುಡಿಯೋವೂ ಪಕ್ಕಕ್ಕೆ ಸರಿಸುತ್ತದೆ, ಅದು ನ್ಯಾಯವೂ ಹೌದು. ಖಾಲಿ ಪ್ಲೇಸೆಟ್ (ಒಟ್ಟಿಗೆ ಹಾಕುವ ಮಾಡ್‌ಗಳ ಪಟ್ಟಿ) ಒಂದನ್ನು ಮಾಡಿ, ಅದರಲ್ಲಿ ಹೊಸ ನಗರ ತೆರೆದು ದೋಷ ಮರುಕಳಿಸುತ್ತದೆಯೇ ನೋಡಿ. ಮರುಕಳಿಸದಿದ್ದರೆ ಮಾಡ್‌ಗಳಲ್ಲಿ ಅರ್ಧವನ್ನು ಆಫ್ ಮಾಡಿ, ಉಳಿದರ್ಧದಲ್ಲಿ ನೋಡಿ, ಮತ್ತೆ ಅದರಲ್ಲಿ ಅರ್ಧ. ಅರವತ್ತು ಮಾಡ್‌ಗಳಿದ್ದರೂ ಆರು ಸುತ್ತಿನಲ್ಲಿ ಕಳ್ಳ ಸಿಗುತ್ತಾನೆ. ಆಗ ಬರೆಯಬೇಕಾದದ್ದು ಮಾಡ್ ಬರೆದವರಿಗೆ. ಅವರು ಸಂಬಳವಿಲ್ಲದೆ ದುಡಿಯುವವರು ಎಂಬುದನ್ನು ನೆನಪಿಟ್ಟು ಬರೆಯಿರಿ.

ಕೊಟ್ಟ ಮಾತಿನ ದೋಷ

ಇದಕ್ಕೆ ಲಾಗ್ ಫೈಲ್ (ಆಟ ತಾನಾಗಿ ಬರೆದಿಡುವ ದಾಖಲೆ) ಇರುವುದಿಲ್ಲ. 2024ರ ಮಾರ್ಚ್ 25ರಂದು ‘ಬೀಚ್ ಪ್ರಾಪರ್ಟೀಸ್’ ಎಂಬ ಹೆಚ್ಚುವರಿ ಭಾಗ 9.99 ಡಾಲರ್‌ಗೆ ಬಂತು. ಕೆಲವು ಕಟ್ಟಡ, ನೀರಿನಂಚಿನ ಮನೆಗಳ ವಲಯ, ತಾಳೆ ಮರಗಳು ಇದ್ದವು, ಕಡಲತೀರ ಇರಲಿಲ್ಲ. ಸ್ಟೀಮ್‌ನಲ್ಲಿ ಮೆಚ್ಚಿದವರ ಪಾಲು ಶೇಕಡಾ 4ಕ್ಕೆ ಇಳಿಯಿತು. ಏಪ್ರಿಲ್ ಮಧ್ಯದಲ್ಲಿ ಸ್ಟುಡಿಯೋ ಮತ್ತು ಪ್ರಕಾಶಕರು ಜಂಟಿಯಾಗಿ ಕ್ಷಮೆ ಕೇಳಿದರು, ಅದನ್ನು ಉಚಿತವಾಗಿಸಿದರು, ಹಣ ವಾಪಸ್ ಮಾಡುವ ಏರ್ಪಾಡು ಮಾಡಿದರು.

ಇಂಥ ದೂರಿಗೆ ಸಾಕ್ಷಿ ಎಂದರೆ ಎರಡು ಕಾಗದ: ಮಾರಾಟದ ಪುಟದಲ್ಲಿ ಬರೆದದ್ದು ಒಂದು ಕಡೆ, ಆಟದಲ್ಲಿ ಸಿಕ್ಕಿದ್ದು ಇನ್ನೊಂದು ಕಡೆ. ಮಾರಾಟದ ಪುಟದ ಸ್ಕ್ರೀನ್‌ಶಾಟನ್ನು ಕೊಳ್ಳುವ ದಿನವೇ ತೆಗೆದಿಡಿ, ಆಮೇಲೆ ಅದು ಬದಲಾಗಬಹುದು. ಕಳುಹಿಸಬೇಕಾದದ್ದು ಪ್ರಕಾಶಕರಿಗೆ. ಬೆಲೆಯನ್ನೂ ದಿನಾಂಕವನ್ನೂ ನಿಗದಿ ಮಾಡುವ ಮಾತು ಬಂದಾಗ ರಸ್ತೆಯ ಕೋಡ್ ಬರೆಯುವವನನ್ನು ಬೈದು ಪ್ರಯೋಜನವಿಲ್ಲ.

ಹಣ ವಾಪಸ್ ಕೇಳುವುದಾದರೆ ಸ್ಟೀಮ್‌ನ ನಿಯಮ ಕೊಂಡ 14 ದಿನಗಳೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು ಎಂದು. ನಗರ ಕಟ್ಟುವ ಆಟಕ್ಕೆ ಈ ಎರಡು ಗಂಟೆ ಏನೇನೂ ಸಾಲದು. ಮೇಲೆ ಹೇಳಿದ ಲೆಕ್ಕದ ದೋಷಗಳು ತಲೆ ಎತ್ತುವ ಹೊತ್ತಿಗೆ ಗಡುವು ಮೀರಿರುತ್ತದೆ. ಹಾಗಾಗಿ ಹೊಸ ಆಟ ಕೊಂಡ ದಿನ ಚಿತ್ರದ ಪರೀಕ್ಷೆಗಳನ್ನಾದರೂ ಮೊದಲ ಗಂಟೆಯಲ್ಲೇ ಮುಗಿಸಿಬಿಡಿ.

ಬರೆಯುವಾಗ

2024ರ ಜನವರಿಯಲ್ಲಿ ಕೊಲಾಸಲ್ ಆರ್ಡರ್‌ನ ಮುಖ್ಯಸ್ಥೆ ಮರೀನಾ ಹಲ್ಲಿಕೈನೆನ್ ಆಟಗಾರರ ಬಳಗದಲ್ಲಿ ವಿಷ ಹೆಚ್ಚುತ್ತಿದೆ, ಅದರ ಪೆಟ್ಟು ತಮ್ಮ ಸಿಬ್ಬಂದಿಗೂ ಬೀಳುತ್ತಿದೆ, ಇತರ ಆಟಗಾರರಿಗೂ ಬೀಳುತ್ತಿದೆ ಎಂದು ಬಹಿರಂಗವಾಗಿ ಬರೆದರು. ಹೀಗಿರುವಾಗ ಅವರೊಂದಿಗೆ ಮಾತಾಡುವುದನ್ನೇ ಕಡಿಮೆ ಮಾಡಬೇಕಾದೀತು ಎಂಬ ಸೂಚನೆಯೂ ಅದರಲ್ಲಿತ್ತು. ಅಪೂರ್ಣ ಆಟ ಮಾರಿದವರು ಗ್ರಾಹಕರ ಸಿಟ್ಟನ್ನು ಆಕ್ಷೇಪಿಸುವುದು ಕೆಲವರಿಗೆ ಹಿಡಿಸಲಿಲ್ಲ. ಎರಡೂ ಕಡೆ ಹುರುಳಿದೆ. ಸರಕಿನ ಬಗ್ಗೆ ಎಷ್ಟು ಖಾರವಾಗಿ ಬೇಕಾದರೂ ಬರೆಯಿರಿ. ಮನುಷ್ಯರ ಬಗ್ಗೆ ಬರೆದ ಕ್ಷಣ ದೂರು ಕಸದ ಬುಟ್ಟಿಗೆ ಹೋಗುತ್ತದೆ, ಅದರೊಳಗಿನ ಮಿಲಿಸೆಕೆಂಡ್‌ಗಳ ಸಮೇತ.

ಚೆನ್ನಾಗಿರುವುದನ್ನೂ ಹೆಸರಿಸಿ. ಇದು ಉಪಚಾರವಲ್ಲ. ರಸ್ತೆ ಎಳೆಯುವ ಸಾಧನ ಎರಡನೆಯ ಭಾಗದಲ್ಲಿ ಮೊದಲಿಗಿಂತ ಎಷ್ಟೋ ಮೇಲಾಗಿದೆ. ಹೊಸ ತಂಡಕ್ಕೆ ಇದನ್ನು ಯಾರೂ ಹೇಳದಿದ್ದರೆ, ಬೇರೇನನ್ನೋ ಸರಿಪಡಿಸುವ ಭರದಲ್ಲಿ ಅದನ್ನೇ ಕೆದಕಿಬಿಟ್ಟಾರು.

ದೂರು ಹೇಗಿರಬೇಕು ಎಂಬುದಕ್ಕೆ ಒಂದು ಕಲ್ಪಿತ ಮಾದರಿ:

‘ಆವೃತ್ತಿ: (ಮುಖ್ಯ ಮೆನುವಿನ ಮೂಲೆಯಲ್ಲಿ ಕಾಣುವ ಸಂಖ್ಯೆ). ಮಾಡ್: ಇಲ್ಲ, ಖಾಲಿ ಪ್ಲೇಸೆಟ್. ಏನಾಗುತ್ತದೆ: ಹೆದ್ದಾರಿಯಿಂದ ಇಳಿಯುವ ಮೂರು ಲೇನ್‌ಗಳಲ್ಲಿ ಎರಡು ಖಾಲಿ ಇದ್ದರೂ ಲಾರಿಗಳೆಲ್ಲ ಎಡ ಲೇನಿನಲ್ಲೇ ಸಾಲುಗಟ್ಟುತ್ತವೆ. ಏನಾಗಬೇಕಿತ್ತು: ಮೂರೂ ಲೇನ್ ಒಂದೇ ರಸ್ತೆಗೆ ಸೇರುವುದರಿಂದ ಲಾರಿಗಳು ಹಂಚಿಹೋಗಬೇಕು. ಹೇಗೆ ಮರುಕಳಿಸುವುದು: ಲಗತ್ತಿಸಿದ ನಗರ ತೆರೆಯಿರಿ, ಕ್ಯಾಮೆರಾ ಬಂದರಿನ ಉತ್ತರದ ಜಂಕ್ಷನ್‌ಗೆ ಒಯ್ಯಿರಿ, ಮೊದಲ ವೇಗದಲ್ಲಿ ಎರಡು ನಿಮಿಷ ಬಿಡಿ. ಪ್ರತಿ ಸಲವೂ ಆಗುತ್ತದೆ. ನಾನು ನೋಡಿದ ಇನ್ನೊಂದು ವಿಷಯ: ಬಲಗಡೆಯ ಗೋದಾಮು ಕೆಡವಿದರೆ ಸಾಲು ಕರಗುತ್ತದೆ.’

ಇದರಲ್ಲಿ ವಿಶೇಷಣ ಒಂದೂ ಇಲ್ಲ. ಕೊನೆಯ ವಾಕ್ಯವೇ ಚಿನ್ನ. ಎಂಜಿನಿಯರ್ ಮೊದಲು ಓಡುವುದು ಆ ಗೋದಾಮಿನ ಕಡೆಗೆ. ಸರಳ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ, ವ್ಯಾಕರಣ ತಪ್ಪಿದರೆ ತಲೆಕೆಡಿಸಿಕೊಳ್ಳಬೇಡಿ, ಓದುವವರ ಮನೆಮಾತೂ ಅದಲ್ಲ.

ಲಾಗ್ ಸಿಗುವ ಜಾಗ: ವಿಂಡೋಸ್‌ನಲ್ಲಿ ನಿಮ್ಮ ಬಳಕೆದಾರ ಫೋಲ್ಡರ್, ಅದರೊಳಗೆ ಆ್ಯಪ್‌ಡೇಟಾ, ಲೋಕಲ್‌ಲೋ, ಕೊಲಾಸಲ್ ಆರ್ಡರ್, ಸಿಟೀಸ್ ಸ್ಕೈಲೈನ್ಸ್ 2. ಅಲ್ಲಿರುವ ‘ಪ್ಲೇಯರ್’ ಲಾಗ್ ಫೈಲ್, ಲಾಗ್ಸ್ ಫೋಲ್ಡರ್ ಮತ್ತು ನಿಮ್ಮ ಸೇವ್ ಫೈಲ್ ಮೂರನ್ನೂ ಲಗತ್ತಿಸಿ. ಆ್ಯಪ್‌ಡೇಟಾ ಸಾಮಾನ್ಯವಾಗಿ ಅಡಗಿರುತ್ತದೆ. ಅಡಗಿದ ಫೋಲ್ಡರ್‌ಗಳನ್ನು ತೋರಿಸುವಂತೆ ಮೊದಲು ಬದಲಿಸಿಕೊಳ್ಳಬೇಕು. ಆಟ ಬಿದ್ದ ಕೂಡಲೇ ನಕಲು ತೆಗೆದಿಡಿ, ಮತ್ತೆ ಆಟ ತೆರೆದರೆ ಹೊಸ ಲಾಗ್ ಹಳೆಯದರ ಜಾಗಕ್ಕೆ ಬರುತ್ತದೆ.

ಪರೀಕ್ಷೆಗೆ ಬಳಸಿದ ನಗರಗಳನ್ನು ಅಳಿಸಬೇಡಿ. ‘ಚಿತ್ರ’, ‘ಗಡಿಯಾರ’, ‘ಬಜೆಟ್’ ಎಂದು ಹೆಸರಿಟ್ಟು ಪ್ರತಿ ಪ್ಯಾಚ್ ಬಂದಾಗಲೂ ಅದೇ ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿ, ಅದೇ ಗುಂಡಿ ಒತ್ತಿ, ಮತ್ತೆ ಅಳೆಯಿರಿ. ಹೊಸ ಅಂಕಿಯನ್ನು ಹಳೆಯ ದೂರಿನ ಕೆಳಗೇ ಸೇರಿಸಿ. ಸರಿಯಾಗಿದ್ದರೆ ಸರಿಯಾಗಿದೆ ಎಂದೂ ಬರೆಯಿರಿ, ಇಲ್ಲದಿದ್ದರೆ ಆ ದೂರು ಅವರ ಪಟ್ಟಿಯಲ್ಲಿ ತೆರೆದೇ ಉಳಿದಿರುತ್ತದೆ.